ಮಾವನ ಡೀಸೆಲ್ ಗಾಡಿಗೆ ಯಾವ ಆಯಿಲ್

ಮಾವ, ನಮಸ್ಕಾರ. ನಿಮ್ಮ ಮೆಸೇಜ್ ಬೆಳಗ್ಗೆಯೇ ನೋಡಿದೆ. ಸರ್ವಿಸ್ ಸೆಂಟರ್‌ನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು, ಈಗ ಪುರುಸೊತ್ತಾಯಿತು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ. ನಮ್ಮ ಮನೆಗಳಲ್ಲಿ ಡೀಸೆಲ್ ಗಾಡಿಗಳೇ ಜಾಸ್ತಿ, ಅಕ್ಕನಿಗೂ ಅಣ್ಣನಿಗೂ ಉಪಯೋಗಕ್ಕೆ ಬರುತ್ತದೆ.

ನೀವು ಕೇಳಿದ್ದು ಇದು ಅಲ್ವಾ. ಸೆಕೆಂಡ್ ಹ್ಯಾಂಡ್‌ನಲ್ಲಿ 2021ರ ಡೀಸೆಲ್ ಕಾರು ತಗೊಂಡಿದ್ದೀರಿ, ಈಗ ಆಯಿಲ್ ಬದಲಾಯಿಸಬೇಕು. ನಿಮ್ಮ ಮೆಕ್ಯಾನಿಕ್ 15ಡಬ್ಲ್ಯು-40 ಹಾಕೋಣ, ದಪ್ಪ ಇರುತ್ತದೆ, ನಮ್ಮ ಬಿಸಿಲಿಗೆ ಅದೇ ಸರಿ ಅಂತಾರೆ. ಅಂಗಡಿಯವರು 5ಡಬ್ಲ್ಯು-30 ಫುಲ್ಲಿ ಸಿಂಥೆಟಿಕ್ ತೋರಿಸಿದ್ದಾರೆ, ರೇಟು ಜಾಸ್ತಿ. ಅಣ್ಣ ಗ್ರೂಪ್‌ನಲ್ಲಿ, ಡೀಸೆಲ್ ಆಯಿಲ್ ಎಲ್ಲಾ ಒಂದೇ, ಸುಮ್ನೆ ದುಡ್ಡು ದಂಡ ಅಂದಿದ್ದಾರೆ.

ನನ್ನ ಮಾತು ನೇರವಾಗಿ ಹೇಳುತ್ತೇನೆ. 15ಡಬ್ಲ್ಯು-40 ಬೇಡ. ಆದರೆ ಅಂಗಡಿಯವರು ತೋರಿಸಿದ 5ಡಬ್ಲ್ಯು-30 ಡಬ್ಬಿಯನ್ನೂ ಕಣ್ಣುಮುಚ್ಚಿ ತಗೋಬೇಡಿ. ಅದೂ ನಿಮ್ಮ ಗಾಡಿಗೆ ತಪ್ಪು ಆಯಿಲ್ ಆಗಿರಬಹುದು. ಈ 5, 30, 40 ಎಲ್ಲಾ ಆಯಿಲ್ ಎಷ್ಟು ತೆಳು, ಎಷ್ಟು ಮಂದ ಅಂತ ಮಾತ್ರ ಹೇಳುತ್ತವೆ. ಒಳಗೆ ಏನು ಬೆರೆಸಿದ್ದಾರೆ ಅಂತ ಹೇಳುವುದಿಲ್ಲ. ನಿಮ್ಮ ಗಾಡಿಗೆ ಮುಖ್ಯ ಆಗುವುದು ಅದೇ.

ಯಾಕೆ ಅಂತ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲಾ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಆಮೇಲೆ ಬಂದ ಡೀಸೆಲ್ ಕಾರು ಅಂದಮೇಲೆ ಸೈಲೆನ್ಸರ್ ಲೈನ್‌ನಲ್ಲಿ ಡಿಪಿಎಫ್ ಇದ್ದೇ ಇರುತ್ತದೆ. ಅದು ಹೊಗೆಯಲ್ಲಿರುವ ಮಸಿ ಹಿಡಿಯುವ ಫಿಲ್ಟರ್. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ತೂತುಗಳ ಸೆರಾಮಿಕ್ ಗಟ್ಟಿ. ಮಸಿ ಅದರ ಗೋಡೆಗೆ ಅಂಟಿಕೊಳ್ಳುತ್ತದೆ. ತುಂಬುತ್ತಾ ಬಂದಾಗ ಗಾಡಿಯ ಕಂಪ್ಯೂಟರ್ ಸ್ವಲ್ಪ ಹೆಚ್ಚಿಗೆ ಡೀಸೆಲ್ ಬಿಟ್ಟು ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ರೀಜನರೇಶನ್ ಅಂತಾರೆ. ಓಡಿಸುವವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಮಸಿ ಸುಟ್ಟುಹೋಗುತ್ತದೆ, ಸರಿ. ಬೂದಿ? ಬಚ್ಚಲ ಒಲೆಯಲ್ಲಿ ಎಷ್ಟೇ ಉರಿ ಹಾಕಿದರೂ ಬೂದಿ ಉಳಿದೇ ಉಳಿಯುತ್ತದೆ ನೋಡಿ, ಇಲ್ಲೂ ಹಾಗೆ. ಆ ಬೂದಿ ಹೆಚ್ಚಾಗಿ ಬರುವುದು ಇಂಜಿನ್ ಆಯಿಲ್‌ನಿಂದ. ಎಷ್ಟೇ ಒಳ್ಳೆಯ ಇಂಜಿನ್ ಆದರೂ ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಆಯಿಲ್ ಉರಿಯುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಇಂಜಿನ್ ಶುಚಿಯಾಗಿಡಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಸವೆತ ತಡೆಯಲು ಸತು, ರಂಜಕ ಇರುತ್ತದೆ. ಇವೆಲ್ಲಾ ಉರಿದು ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಇದನ್ನು ಯಾವ ರೀಜನರೇಶನ್ನೂ ಸುಡುವುದಿಲ್ಲ. ವರ್ಷಗಟ್ಟಲೆ ಕೂತು ಕೂತು ಫಿಲ್ಟರ್‌ನಲ್ಲಿ ಜಾಗವೇ ಇಲ್ಲದ ಹಾಗೆ ಆಗುತ್ತದೆ. ಆಮೇಲೆ ಪಿಕಪ್ ಹೋಗುತ್ತದೆ, ಮೈಲೇಜ್ ಇಳಿಯುತ್ತದೆ, ವಾರ್ನಿಂಗ್ ಲೈಟ್ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಬಿಚ್ಚಿ ಕ್ಲೀನ್ ಮಾಡಿಸಬೇಕು, ಇಲ್ಲ ಹೊಸದು ಹಾಕಿಸಬೇಕು. ಹೊಸ ಡಿಪಿಎಫ್ ಬೆಲೆ ಮುಂದೆ ಆಯಿಲ್‌ನಲ್ಲಿ ಉಳಿಸಿದ ದುಡ್ಡು ಯಾವ ಮೂಲೆಗೂ ಸಾಲಲ್ಲ.

ಅದಕ್ಕೇ ಡಿಪಿಎಫ್ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇರೆಯೇ ಮಾಡುತ್ತಾರೆ. ಲೋ ಸ್ಯಾಪ್ಸ್, ಮಿಡ್ ಸ್ಯಾಪ್ಸ್ ಅಂತ ಕೇಳಿರಬಹುದು. ಯುರೋಪಿನ ಕಾರು ಕಂಪನಿಗಳ ಸಂಘ ಎಸಿಇಎ ಇದಕ್ಕೆ ಸಿ ಅಕ್ಷರದ ಗುಂಪು ಮಾಡಿದೆ. ಸಿ2, ಸಿ3 ಅಂದರೆ ಬೂದಿ 0.8% ಮೀರಬಾರದು. ಸಿ4 ಅಂದರೆ 0.5%. ಹಳೆಯ ಎ3/ಬಿ4 ಗುಂಪಿನಲ್ಲಿ ಇದು 1.6% ತನಕ ಹೋಗಬಹುದು, ಅಂದರೆ ಸಿ3ಯ ಎರಡರಷ್ಟು. ನೋಡಲು ಒಂದೇ ಬಣ್ಣ, ಒಂದೇ 5ಡಬ್ಲ್ಯು-30. ಎ3/ಬಿ4 ಕೂಡ 5ಡಬ್ಲ್ಯು-30ರಲ್ಲಿ ಸಿಗುತ್ತದೆ, ಸಿ3 ಕೂಡ ಸಿಗುತ್ತದೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಮಾಡಿದ, ಬರೀ ಪೆಟ್ರೋಲ್ ಕಾರಿನ ಎಸ್‌ಪಿ ಗುಂಪಿನದು ಕೂಡ ಸಿಗುತ್ತದೆ. ಅಂಗಡಿಯಲ್ಲಿ 5ಡಬ್ಲ್ಯು-30 ಕೊಡಿ ಅಂತ ಮಾತ್ರ ಕೇಳಿದರೆ ಇದರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ನನಗೆ ದಿನಾ ಬೇಜಾರಾಗುವುದು ಇಲ್ಲೇ. ಜನ ರೇಟು ವಿಚಾರಿಸುತ್ತಾರೆ, ಬ್ರ್ಯಾಂಡ್ ವಿಚಾರಿಸುತ್ತಾರೆ, ಡಬ್ಬಿ ತಿರುಗಿಸಿ ಹಿಂದೆ ಓದುವುದಿಲ್ಲ.

ಮಾವ, ನೀವು ಅಂಗಡಿಗೆ ಹೋದಾಗ ಡಬ್ಬಿ ಕೈಗೆ ತಗೊಂಡು ಹಿಂಬದಿ ನೋಡಿ. ಮುಂದೆ ದೊಡ್ಡದಾಗಿ ಬರೆದ ಸಿಂಥೆಟಿಕ್, ಟರ್ಬೊ, ಪವರ್ ಎಲ್ಲಾ ಬಿಟ್ಟುಬಿಡಿ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ನಾಲ್ಕು ಸಾಲು ಇರುತ್ತದೆ. ಮೊದಲು ಎಪಿಐ ಅಂತ, ಅದರ ಮುಂದೆ ಎಸ್‌ಎನ್/ಸಿಎಫ್ ಥರ ಏನಾದರೂ. ಎಸ್ ಪೆಟ್ರೋಲಿಗೆ, ಸಿ ಡೀಸೆಲ್‌ಗೆ. ಸಿ ಅಕ್ಷರ ಇದೆಯಲ್ಲ, ಡೀಸೆಲ್‌ಗೆ ಆಯಿತು ಅಂದುಕೊಳ್ಳಬೇಡಿ. ಆ ಸಿಎಫ್ 1994ರ ಕಾಲದ್ದು, ಡಿಪಿಎಫ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಎಪಿಐನ ಸಿ ಬೇರೆ, ಎಸಿಇಎಯ ಸಿ ಬೇರೆ, ಇದರಲ್ಲಿ ಎಷ್ಟೋ ಜನ ಗಲಿಬಿಲಿ ಆಗುತ್ತಾರೆ. ಕೆಳಗಿನ ಸಾಲಿನಲ್ಲಿ ಎಸಿಇಎ ಸಿ2 ಅಥವಾ ಸಿ3 ಇದೆಯಾ ನೋಡಿ. ಅದರ ಕೆಳಗೆ ಕಾರು ಕಂಪನಿಗಳ ನಂಬರ್ ಇರುತ್ತದೆ. ಫೋಕ್ಸ್‌ವ್ಯಾಗನ್ ಆದರೆ 507 00, ಮರ್ಸಿಡಿಸ್ ಆದರೆ 229.51, ಹೀಗೆ.

ಅಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಆ ನಂಬರ್ ಪಕ್ಕ ಅಪ್ರೂವಲ್ ಅಂತ ಇದ್ದರೆ ಕಾರು ಕಂಪನಿಯೇ ಆ ಆಯಿಲ್ ಪರೀಕ್ಷೆ ನೋಡಿ ಒಪ್ಪಿದೆ ಅಂತ. ಮೀಟ್ಸ್, ಸೂಟಬಲ್ ಫಾರ್, ರೆಕಮೆಂಡೆಡ್ ಫಾರ್ ಅಂತ ಇದ್ದರೆ ಆಯಿಲ್ ಮಾಡಿದವರು ತಾವೇ ಹೇಳಿಕೊಂಡಿದ್ದು. ಅದು ಸುಳ್ಳು ಅಂತಲ್ಲ. ಒಂದೇ ರೇಟಿನ ಎರಡು ಡಬ್ಬಿ ಎದುರಿಗಿದ್ದರೆ ನಾನು ಅಪ್ರೂವಲ್ ಇರುವುದನ್ನೇ ಎತ್ತಿಕೊಳ್ಳುತ್ತೇನೆ.

ಈಗ ದಪ್ಪ, ತೆಳು ವಿಚಾರ. ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅವರ ಅನುಭವ ಇದೆ, ನಾನು ಅದನ್ನು ತಳ್ಳಿಹಾಕುತ್ತಿಲ್ಲ. ಹಳೆಯ ಇಂಜಿನ್‌ಗಳಿಗೆ 15ಡಬ್ಲ್ಯು-40 ಹಾಕಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದವರು ಅವರು. ಆದರೆ ನಮ್ಮ ಬಿಸಿಲಿಗೆ ದಪ್ಪ ಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟ್ಯಾಟ್ ಕೂಲೆಂಟನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಆಯಿಲ್ ನೂರರ ಆಸುಪಾಸಿನಲ್ಲಿ ಇರುತ್ತದೆ. ಗಾಡಿ ಮಡಿಕೇರಿಯ ಮಳೆಯಲ್ಲಿದ್ದರೂ ಅಷ್ಟೇ, ಕಲಬುರಗಿಯ ಮೇ ತಿಂಗಳಲ್ಲಿದ್ದರೂ ಹೆಚ್ಚು ಕಡಿಮೆ ಅಷ್ಟೇ. ಹೊರಗೆ ಹತ್ತು ಡಿಗ್ರಿ ಏರಿತು ಅಂತ ಒಳಗೆ ಆಯಿಲ್ ನೀರಾಗುವುದಿಲ್ಲ.

ಆ ಕೊನೆಯ ನಂಬರ್, 30 ಅಥವಾ 40, ಇದೆಯಲ್ಲ, ಅದು 100 ಡಿಗ್ರಿಯಲ್ಲಿ ಅಳೆದದ್ದೇ. ಅದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. 150 ಡಿಗ್ರಿ ಶಾಖದಲ್ಲಿ, ಬೇರಿಂಗ್ ನಡುವೆ ಆಯಿಲ್ ಅರೆದು ಹೋಗುವಾಗ ಎಷ್ಟು ಗಟ್ಟಿ ನಿಲ್ಲುತ್ತದೆ ಅಂತ ನೋಡುತ್ತಾರೆ. ಎಚ್‌ಟಿಎಚ್‌ಎಸ್ ಅಂತ ಅದರ ಹೆಸರು. ಸಿ3 ಆಗಬೇಕಾದರೆ ಅದು ಕನಿಷ್ಠ 3.5 ಇರಲೇಬೇಕು. 15ಡಬ್ಲ್ಯು-40ಗೆ ಕನಿಷ್ಠ 3.7. ವ್ಯತ್ಯಾಸ ಇಷ್ಟೇ ಇಷ್ಟು. ಹಾಗಾಗಿ ಸಿ3 5ಡಬ್ಲ್ಯು-30 ಅಂದರೆ ತೆಳು ಆಯಿಲ್, ಇಂಜಿನ್ ಸವೆಯುತ್ತದೆ ಅನ್ನುವ ಭಯ ಬೇಡ. ಸಿ2ಗೆ 2.9 ಸಾಕು, ಅದು ಸ್ವಲ್ಪ ತೆಳುವೇ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಎರಡೂ ಆಗುತ್ತದೆ ಅಂತಿದ್ದರೆ, ಆಗಾಗ ಘಾಟಿ ಹತ್ತಿ ಇಳಿಯುವ ನಿಮ್ಮ ಓಡಾಟಕ್ಕೆ ನಾನು ಸಿ3 ಹಾಕಿಸುತ್ತೇನೆ. ಬರೀ ಸಿ2 ಅಂತಿದ್ದರೆ ಸಿ2. ಅಲ್ಲಿ ನನ್ನ ಅಭಿಪ್ರಾಯ ನಡೆಯುವುದಿಲ್ಲ.

ಮೊದಲ ನಂಬರ್, 5ಡಬ್ಲ್ಯು ಅಥವಾ 15ಡಬ್ಲ್ಯು, ಚಳಿಗೆ ಸಂಬಂಧಪಟ್ಟದ್ದು. ಶಿವಮೊಗ್ಗದಲ್ಲಿ ಸೊನ್ನೆ ಡಿಗ್ರಿ ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಬೆಳಗ್ಗೆ ತಣ್ಣಗಿರುವ ಇಂಜಿನ್‌ನಲ್ಲಿ 15ಡಬ್ಲ್ಯು ನಿಧಾನವಾಗಿ ಹರಿಯುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುತ್ತದೆ, ಅದನ್ನು ಹಿಡಿದಿರುವುದು ಬರೀ ಆಯಿಲ್ ಪದರ. ಅಲ್ಲಿಗೆ ಆಯಿಲ್ ಬೇಗ ಮುಟ್ಟಬೇಕು. ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡಬೇಡಿ ಅಂತ ನಾವು ಬಡಿದುಕೊಳ್ಳುವುದು ಅದಕ್ಕೇ.

ಅಣ್ಣ, ನಿಮ್ಮ ಹಳೆ ಬೊಲೆರೊಗೆ ಡಿಪಿಎಫ್ ಇಲ್ಲ. ಅದಕ್ಕೆ ಎಪಿಐನ ಸಿಐ-4 ಡೀಸೆಲ್ ಗುಂಪಿನ 15ಡಬ್ಲ್ಯು-40 ಸರಿಯಾಗೇ ಇದೆ, ಬದಲಾಯಿಸಬೇಡಿ. ಆದರೆ ಅದೇ ಡಬ್ಬಿಯಲ್ಲಿ ಉಳಿದ ಒಂದು ಲೀಟರನ್ನು ಮಾವನ ಗಾಡಿಗೆ ಹಾಕೋಣ ಅಂದಿರಲ್ಲ, ಅದು ಮಾತ್ರ ಬೇಡ. ಸಿಐ-4 ಬಂದದ್ದು 2002ರಲ್ಲಿ, ಡಿಪಿಎಫ್ ಲೆಕ್ಕದಲ್ಲಿ ಇಟ್ಟುಕೊಂಡು ಮಾಡಿದ್ದಲ್ಲ. ಆಮೇಲೆ ಲಾರಿಗಳಿಗೂ ಡಿಪಿಎಫ್ ಬಂದಾಗಲೇ ಸಿಜೆ-4 ಮಾಡಿ ಬೂದಿಗೆ 1% ಅಂತ ಗೆರೆ ಎಳೆದರು. ಅಕ್ಕ, ನಿನ್ನ 2014ರ ಸ್ವಿಫ್ಟ್ ಡೀಸೆಲ್‌ನಲ್ಲಿರುವುದು ಫಿಯೆಟ್‌ನವರ 1.3 ಮಲ್ಟಿಜೆಟ್ ಇಂಜಿನ್, ಡಿಪಿಎಫ್ ಇಲ್ಲ. ಅದರ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಶರ್ ಮೇಲೆಯೇ ನಿಂತಿದೆ. ನೀನು ಗ್ರೇಡ್ ಬಗ್ಗೆ ಚಿಂತೆ ಮಾಡುವುದಕ್ಕಿಂತ ಟೈಮ್‌ಗೆ ಸರಿಯಾಗಿ ಬದಲಾಯಿಸು. ಗಾಡಿ ಓಡಿದ್ದು ಕಡಿಮೆ ಅಂತ ಎರಡು ವರ್ಷ ಒಂದೇ ಆಯಿಲ್ ಬಿಡಬೇಡ.

ಮಾವ, ನಿಮ್ಮ ಓಡಾಟದ ಬಗ್ಗೆ ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲಿ. ದಿನಾ ವಿನೋಬನಗರದಿಂದ ಗಾಂಧಿಬಜಾರ್‌ಗೆ ಹೋಗಿ ಬರುತ್ತೀರಿ, ಎರಡು ಮೂರು ಕಿಲೋಮೀಟರ್. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ. ರೀಜನರೇಶನ್ ಶುರುವಾಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬಿಟ್ಟ ಹೆಚ್ಚಿನ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ತಳದ ಚೇಂಬರ್‌ನಲ್ಲಿರುವ ಆಯಿಲ್‌ಗೆ ಸೇರುತ್ತದೆ. ಆಗ ಎಂಥ ಒಳ್ಳೆಯ ಸಿ3 ಹಾಕಿದ್ದರೂ ತೆಳ್ಳಗಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಬೆಳಗ್ಗೆ ಸಮತಟ್ಟಾದ ಜಾಗದಲ್ಲಿ ಗಾಡಿ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತಿನ ನಡುವೆ ಇರಬೇಕು. ಕಪ್ಪಗಿದೆ ಅಂತ ಗಾಬರಿ ಬೇಡ, ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ನೋಡಬೇಕಾದ್ದು ಲೆವೆಲ್. ನಾವೆಲ್ಲಾ ಆಯಿಲ್ ಇಳಿದಿದೆಯಾ ಅಂತ ನೋಡಿ ಅಭ್ಯಾಸ. ಈ ಗಾಡಿಯಲ್ಲಿ ಏರಿದೆಯಾ ಅಂತಲೂ ನೋಡಿ. ಮೇಲಿನ ಗುರುತು ದಾಟಿದ್ದರೆ, ಬೆರಳಿಗೆ ಹಚ್ಚಿ ಮೂಸಿದಾಗ ಡೀಸೆಲ್ ವಾಸನೆ ಹೊಡೆದರೆ, ಕಿಲೋಮೀಟರ್ ಎಷ್ಟಾಗಿದೆ ಅಂತ ಲೆಕ್ಕ ಹಾಕದೆ ಆಯಿಲ್ ಬದಲಾಯಿಸಿ. ಮ್ಯಾನ್ಯುಯಲ್‌ನಲ್ಲಿ ಸಿವಿಯರ್ ಕಂಡಿಶನ್ ಅಂತ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಸಣ್ಣ ಸಣ್ಣ ಓಡಾಟವನ್ನೂ ಸೇರಿಸಿರುತ್ತಾರೆ. ನೀವು ಆ ಪಟ್ಟಿಯಲ್ಲೇ ಬರುತ್ತೀರಿ. ಆಗಾಗ ಭದ್ರಾವತಿ ಕಡೆ ಹೈವೇಯಲ್ಲಿ ಒಂದೇ ಸಮನೆ ಓಡಿಸಿಕೊಂಡು ಬನ್ನಿ. ಡಿಪಿಎಫ್ ಲೈಟ್ ಬಂದಾಗಲಂತೂ ಖಂಡಿತ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರಿಗೂ ಗಾಳಿ ಆಡುತ್ತದೆ.

ಆಯಿಲ್ ಎಲ್ಲಿ ತಗೋಬೇಕು ಅನ್ನುವುದೂ ಮುಖ್ಯ. ನಕಲಿ ಬರುತ್ತದೆ, ಖಾಲಿ ಡಬ್ಬಿಗೆ ತುಂಬಿ ಮಾರುತ್ತಾರೆ. ಆ ಬ್ರ್ಯಾಂಡ್‌ನ ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ಬಿಲ್ ಕೇಳಿ, ಸೀಲ್ ನೋಡಿ. ಬದಲಾಯಿಸುವಾಗ ಎದುರಿಗೇ ನಿಂತುಕೊಳ್ಳಿ. ಹೊಸ ಆಯಿಲ್ ಫಿಲ್ಟರ್, ಡ್ರೈನ್ ನಟ್‌ಗೆ ಹೊಸ ವಾಷರ್. ಡಬ್ಬಿಯಲ್ಲಿ ಇರುವಷ್ಟನ್ನೂ ಸುರಿಯುವುದು ಬೇಡ, ಫಿಲ್ಟರ್ ಸೇರಿ ಎಷ್ಟು ಲೀಟರ್ ಅಂತ ಮ್ಯಾನ್ಯುಯಲ್‌ನಲ್ಲಿದೆ, ಅಷ್ಟೇ ಹಾಕಿಸಿ. ಖಾಲಿ ಡಬ್ಬಿ ಅಲ್ಲಿ ಬಿಟ್ಟು ಬರಬೇಡಿ, ತಂದು ಕತ್ತರಿಸಿ ಬಿಸಾಡಿ.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಮೊದಲಿನವರು ಯಾವ ಆಯಿಲ್ ಹಾಕಿದ್ದರು ಅಂತ ಸರ್ವಿಸ್ ಬಿಲ್ ಇದ್ದರೆ ಅದನ್ನೂ ನೋಡಬೇಕು. ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಮ್ಯಾನ್ಯುಯಲ್ ಇರುತ್ತದೆ, ಕೊನೆಯ ಕಡೆ ಲೂಬ್ರಿಕೆಂಟ್ಸ್ ಅಂತ ಒಂದು ಪುಟ. ಅದರಲ್ಲಿ ವಿತ್ ಡಿಪಿಎಫ್, ವಿದೌಟ್ ಡಿಪಿಎಫ್ ಅಂತ ಎರಡು ಸಾಲು ಇದ್ದರೆ ಎರಡೂ ಕಾಣುವ ಹಾಗೆ ಫೋಟೊ ತೆಗೆದು ಇಲ್ಲೇ ಹಾಕಿ. ಅಂಗಡಿಯವರು ತೋರಿಸಿದ ಡಬ್ಬಿಯ ಹಿಂಬದಿ ಫೋಟೊ ಕೂಡ. ನಿಮ್ಮ ಮೆಕ್ಯಾನಿಕ್ ನಂಬರ್ ನನಗೆ ಬೇರೆಯಾಗಿ ಕಳಿಸಿ, ನಾನೇ ಅವರ ಹತ್ತಿರ ಮಾತಾಡುತ್ತೇನೆ. ಶನಿವಾರದೊಳಗೆ ಕಳಿಸಿದರೆ ಭಾನುವಾರ ಆಯಿಲ್ ಬದಲಾಯಿಸಿಬಿಡಬಹುದು.