ಕಂಡೆನ್ಸೇಟ್ ಅಳೆಯಲು ಫ್ರಾಪ್ ಒಂದೇ ಸಾಕಾ? ಮಾಡಿದವರು ಹೇಳಿ

ಪ್ರಶ್ನೆ ಕೇಳಿದವರು: ಪಿಎಚ್‌ಡಿ ಎರಡನೇ ವರ್ಷ, ಬೆಂಗಳೂರು. ನಮ್ಮ ಎಫ್‌ಯುಎಸ್ ಪ್ರೋಟೀನಿನ ಮ್ಯುಟೆಂಟ್ ಟ್ಯೂಬಿನಲ್ಲಿ ಹನಿಗಟ್ಟುತ್ತದೆ, ಕೋಶದೊಳಗೂ ಚುಕ್ಕೆ ಕಾಣುತ್ತದೆ. ಇವು ಕಂಡೆನ್ಸೇಟ್ (ಪೊರೆಯಿಲ್ಲದೆ ಪ್ರೋಟೀನ್ ಒತ್ತಾಗಿ ಸೇರಿದ ಹನಿ) ಅಂತ ತೋರಿಸಬೇಕು. ಫ್ರಾಪ್ (ಲೇಸರ್‌ನಿಂದ ಒಂದು ಚುಕ್ಕೆಯ ಹೊಳಪು ಅಳಿಸಿ, ಅಂದರೆ ಬ್ಲೀಚ್ ಮಾಡಿ, ಅದು ಎಷ್ಟು ಬೇಗ ಮರಳುತ್ತದೆ ಅಂತ ನೋಡುವುದು) ಮಾಡಿ ಪೇಪರ್ ಕಳಿಸೋಣ ಅಂತಾರೆ ಗೈಡ್. ನನಗೆ ಧೈರ್ಯ ಸಾಲುತ್ತಿಲ್ಲ. ಅದಕ್ಕೆ ಬೇಕಾದ ಕಾನ್‌ಫೋಕಲ್ ಮೈಕ್ರೋಸ್ಕೋಪ್ ವಾರಕ್ಕೊಂದೇ ಸ್ಲಾಟ್.

ಫ್ರಾಪ್ ಮಾಡಿದವರು: ಫ್ರಾಪ್ ಬಿಡಬೇಡಿ. ನನ್ನ ಥೀಸಿಸ್ ನಿಂತಿರುವುದೇ ಅದರ ಮೇಲೆ. ಖರ್ಚು ಮಾತ್ರ ಕೇಳಬೇಡಿ. ಕಾನ್‌ಫೋಕಲ್ ಗಂಟೆಗೆ ಸಾವಿರ ರೂಪಾಯಿ, ಲೇಸರ್ ಬಿಸಿಯಾಗುವ ಹೊತ್ತಿಗೂ ಮೀಟರ್ ಓಡುತ್ತಿತ್ತು. ಗಾಜಿನ ತಳದ ಡಿಶ್‌ಗಳೂ ದುಬಾರಿ. ಬರಿಗಾಜಿನ ಮೇಲೆ ಹನಿಗಳು ಚಪ್ಪಟೆಯಾಗಿ ಹರಡಿಕೊಂಡವು, ಎಷ್ಟೋ ಡಿಶ್ ಹಾಗೇ ಹೋದವು. ಅಂಟದಂತೆ ಪ್ಲುರಾನಿಕ್ ಎಫ್-127 ಪದರ ಹಚ್ಚಿದ ಮೇಲೆ ದುಂಡಗೆ ನಿಂತವು. ಮೊದಲೇ ಹನಿಗಟ್ಟದಂತೆ ತಡೆಯುವ ಎಂಬಿಪಿ ಟ್ಯಾಗನ್ನು ಟಿಇವಿ ಕಿಣ್ವ ಹಾಕಿ ಕತ್ತರಿಸಿದ ಸಮಯವನ್ನು ಪ್ರತಿ ಡಿಶ್‌ನ ಮುಚ್ಚಳದ ಮೇಲೂ ಬರೆಯುತ್ತಿದ್ದೆ. ಎಫ್‌ಯುಎಸ್ ಹನಿ ಹಳೆಯದಾದಂತೆ ಗಟ್ಟಿಯಾಗುತ್ತದೆ, 2015ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ತೋರಿಸಿದ್ದೂ ಅದನ್ನೇ. ಬೆಳಿಗ್ಗೆ ಬ್ಲೀಚ್ ಮಾಡಿದರೆ ಬೇಗ ಮರಳುತ್ತಿದ್ದ ಬೆಳಕು ಸಂಜೆಗೆ ಅರ್ಧವೂ ಮರಳುತ್ತಿರಲಿಲ್ಲ. ಆ ಗ್ರಾಫ್ ನೋಡಿ ರಿವ್ಯೂವರ್ ಸುಮ್ಮನಾದರು.

ಸೆಂಟ್ರಿಫ್ಯೂಜ್‌ನವರು: ನಿಮಗೆ ಒಳ್ಳೆಯ ರಿವ್ಯೂವರ್ ಸಿಕ್ಕಿದ್ದರು. ನಮ್ಮ ಪೇಪರ್ ಫ್ರಾಪ್ ಕಾರಣಕ್ಕೇ ವಾಪಸ್ ಬಂತು. ಬೆಳಕು ಮರಳಿತು ಅಂದ ಮಾತ್ರಕ್ಕೆ ದ್ರವ ಅಂತ ಅಲ್ಲ. ಡಿಎನ್‌ಎ ಮೇಲೆ ಕೂತು ಏಳುವ ಪ್ರೋಟೀನೂ ಹಾಗೇ ಮರಳುತ್ತದೆ. ಹನಿಯೊಳಗೆ ಬ್ಲೀಚ್ ಚುಕ್ಕೆ ಎರಡು ಪಟ್ಟು ಅಗಲವಾದರೆ ಮರಳುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಎಷ್ಟು ಪೇಪರ್‌ಗಳಲ್ಲಿ ಚುಕ್ಕೆಯ ಅಳತೆ ಬರೆದಿರುತ್ತಾರೆ ಹೇಳಿ? ನಾನು ಹನಿಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಿ, ಮೇಲಿನ ತಿಳಿಯಲ್ಲಿ ಉಳಿದ ಪ್ರೋಟೀನನ್ನು 280 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದೆ. ಒಟ್ಟು ಪ್ರೋಟೀನ್ ಎಷ್ಟು ಏರಿಸಿದರೂ ತಿಳಿಯಲ್ಲಿನ ಪ್ರಮಾಣ ಅಷ್ಟಕ್ಕೇ ನಿಂತಿತು. ಅದೇ ಸಿ-ಸ್ಯಾಟ್, ಅಂದರೆ ಹನಿಗಟ್ಟಲು ಶುರುವಾಗುವ ಸಾಂದ್ರತೆ. ಅದಕ್ಕೆ ಲೀಟರ್‌ಗಟ್ಟಲೆ ಕಲ್ಚರ್ ಸುರಿದಿದ್ದೇನೆ. ಪ್ರೋಟೀನಿಗೆ ಅಂಟಿದ ಆರ್‌ಎನ್‌ಎ ತೆಗೆಯಲು ಹೆಚ್ಚು ಉಪ್ಪಿನಲ್ಲಿ ಮತ್ತೆ ಮತ್ತೆ ಕಾಲಂ ತೊಳೆದಿದ್ದೇನೆ.

ಫ್ರಾಪ್ ಮಾಡಿದವರು: ಕತ್ತರಿಸಿದ ಎಂಬಿಪಿ ಕೂಡ ಆ ತಿಳಿಯಲ್ಲೇ ಇರುತ್ತದೆ ಅಲ್ವಾ? ಅದೂ 280ರಲ್ಲಿ ಬೆಳಕು ಹೀರುತ್ತದೆ. ಅದನ್ನು ಕಳೆದಿರಾ?

ಸೆಂಟ್ರಿಫ್ಯೂಜ್‌ನವರು: ಕಳೆದಿದ್ದೇನೆ. ಜೆಲ್ ಓಡಿಸಿ ಬ್ಯಾಂಡ್ ಕೂಡ ಅಳೆದಿದ್ದೇನೆ. ಪೂರ್ತಿ ಕೇಳಿಕೊಂಡು ಮಾತಾಡಿ.

ಮೂರನೆಯವರು: ಜಗಳ ಬಿಡಿ. ಕೋಶದ ಚುಕ್ಕೆಗೆ 1,6-ಹೆಕ್ಸೇನ್‌ಡಯಾಲ್ (ದುರ್ಬಲ ಬಂಧ ಬಿಡಿಸುವ ಆಲ್ಕೋಹಾಲ್) ಹಾಕಿ. ಕರಗಿದರೆ ಕಂಡೆನ್ಸೇಟ್. ಅಗ್ಗ, ಒಂದು ಮಧ್ಯಾಹ್ನದ ಕೆಲಸ. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಮಾಡುತ್ತಾರೆ.

ನಾಲ್ಕನೆಯವರು: ದಯವಿಟ್ಟು ಇದನ್ನು ಹೊಸಬರಿಗೆ ಹೇಳಿಕೊಡಬೇಡಿ. ಅದು ಕೋಶದ ಪೊರೆಯನ್ನೇ ಕೆಡಿಸುತ್ತದೆ, ಕೈನೇಸ್, ಫಾಸ್ಫಟೇಸ್ ಕಿಣ್ವಗಳ ಕೆಲಸವನ್ನೂ ತಗ್ಗಿಸುತ್ತದೆ. ಚುಕ್ಕೆ ಮಾಯವಾದದ್ದು ಯಾಕೆ ಅಂತ ಹೇಗೆ ಹೇಳುತ್ತೀರಿ? ನಮ್ಮ ಜೂನಿಯರ್ ಹುಡುಗಿಯ ಒಂದಿಡೀ ಅಧ್ಯಾಯ ಇದರಿಂದ ಬಿದ್ದುಹೋಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ.

ಮೂರನೆಯವರು: ಟ್ಯೂಬಿನಲ್ಲಿ ಪೊರೆ ಎಲ್ಲಿದೆ? ಶುದ್ಧ ಪ್ರೋಟೀನಿಗೆ ಹಾಕಿ, ಪಕ್ಕದಲ್ಲಿ ಹನಿಯನ್ನು ಅಷ್ಟಾಗಿ ಕರಗಿಸದ 2,5-ಹೆಕ್ಸೇನ್‌ಡಯಾಲ್ ಕಂಟ್ರೋಲ್ ಇಟ್ಟರೆ ತಪ್ಪೇನು?

ನಾಲ್ಕನೆಯವರು: ಕೋಶದ ಚುಕ್ಕೆಗೆ ಹಾಕಿ ಅಂತ ಬರೆದವರು ನೀವೇ, ಮೇಲೆ ಹೋಗಿ ಓದಿ.

ಐದನೆಯವರು: ನಾನು ಎರಡು ಹನಿ ಕೂಡಿಕೊಳ್ಳುವ ವೇಗ ಅಳೆದವನು. ಅದರಿಂದ ಸ್ನಿಗ್ಧತೆ ಮತ್ತು ಮೇಲ್ಮೈ ಸೆಳೆತದ ಅನುಪಾತ ಮಾತ್ರ ಸಿಗುತ್ತದೆ. ಬೇರೆ ಬೇರೆ ಬೇಕು ಅಂದರೆ ಮೈಕ್ರೊಪಿಪೆಟ್‌ನಲ್ಲಿ ಹನಿಯನ್ನು ಎಳೆಯಬೇಕು. ಗಾಜಿನ ತುದಿ ಎಳೆದು ಎಳೆದು ಕೈ ಸೋತಿತ್ತು, ಒಡೆದವೇ ಜಾಸ್ತಿ. ಆದರೂ ಆ ಸಂಖ್ಯೆ ನನ್ನದು ಅಂತ ಹೆಮ್ಮೆ ಇದೆ. ಅಂದಹಾಗೆ, ಬಫರ್‌ನಲ್ಲಿ ಪಿಇಜಿ (ಪ್ರೋಟೀನನ್ನು ಒತ್ತರಿಸಿ ಹನಿಗಟ್ಟಿಸುವ ಪಾಲಿಮರ್) ಇದೆಯಾ?

ಪ್ರಶ್ನೆ ಕೇಳಿದವರು: ಇದೆ, 10%.

ಸೆಂಟ್ರಿಫ್ಯೂಜ್‌ನವರು: ಅದನ್ನು ಮೊದಲೇ ಹೇಳಬಾರದಾ! ಪಿಇಜಿ ತೆಗೆದು, ಮೈಲ್ಡ್ ಟೈಪ್ ಮತ್ತು ಮ್ಯುಟೆಂಟ್ ಎರಡರ ಸಿ-ಸ್ಯಾಟ್ ಒಂದೇ ದಿನ, ಒಂದೇ ಬಫರ್‌ನಲ್ಲಿ ನೋಡಿ. ಮೈಲ್ಡ್ ಅಲ್ಲ, ವೈಲ್ಡ್ ಟೈಪ್, ಅಂದರೆ ಮ್ಯುಟೇಶನ್ ಇಲ್ಲದ್ದು. ಕಾನ್‌ಫೋಕಲ್ ಸ್ಲಾಟ್ ಆಮೇಲೆ ಬುಕ್ ಮಾಡಿ.

ಫ್ರಾಪ್ ಮಾಡಿದವರು: ಸ್ಲಾಟ್ ಬಿಟ್ಟುಕೊಡಬೇಡಿ. ವಾರಕ್ಕೊಂದು ಸಿಗುವುದೇ ಹೆಚ್ಚು.