ಪದಚರ್ಚೆ: ‘ಗ್ಯಾಸ್ಡ್’ ಆದ ಸೈನಿಕನಿಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ವಿಷಾನಿಲ ತುಕಡಿಗಳಲ್ಲಿ ದುಡಿದವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳು ತೊಡಕಾಗಿವೆ: ‘ಆಕ್ಸೆಸರಿ’ ಮತ್ತು ವಿಷಾನಿಲಕ್ಕೆ ಸಿಕ್ಕಿದವರಿಗೆ ಹೇಳುವ ‘ಗ್ಯಾಸ್ಡ್’.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಬಿಟ್ಟ ಮೇಲೆ ಬ್ರಿಟಿಷರೂ ಅದೇ ದಾರಿ ಹಿಡಿದರು. ಚಾರ್ಲ್ಸ್ ಫೋಕ್ಸ್ ಎಂಬ ಅಧಿಕಾರಿಯ ಕೈಕೆಳಗೆ, ರಾಯಲ್ ಎಂಜಿನಿಯರ್ಸ್ ವಿಭಾಗದಲ್ಲಿ ‘ಸ್ಪೆಷಲ್ ಕಂಪನಿ’ಗಳು ಹುಟ್ಟಿದವು. ರಸಾಯನಶಾಸ್ತ್ರ ಓದಿದ ಹುಡುಗರನ್ನು ಹುಡುಕಿ ಸೇರಿಸಿಕೊಂಡು ನೇರವಾಗಿ ಕಾರ್ಪೊರಲ್ ದರ್ಜೆ ಕೊಟ್ಟರು. ಇವರೆಲ್ಲ ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕರು. ಮದ್ರಾಸ್ ಸ್ಯಾಪರ್ಸ್ ನೆಲೆಯಿರುವ ಬೆಂಗಳೂರಿನ ಹಲಸೂರು ಕಡೆಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ತೊಡಕು ‘ಆಕ್ಸೆಸರಿ’. ಗುಟ್ಟು ಕಾಪಾಡಲೆಂದು ಈ ತುಕಡಿಯವರು ‘ಗ್ಯಾಸ್’ ಎನ್ನುವಂತಿರಲಿಲ್ಲ, ‘ಆಕ್ಸೆಸರಿ’ ಎನ್ನಬೇಕಿತ್ತು. ಕನ್ನಡದಲ್ಲಿಯೂ ಅಷ್ಟೇ ಸಪ್ಪೆಯಾದ ಪದ ಬೇಕು. ‘ಸಾಮಗ್ರಿ’ ಎಂದರೆ ಮದುವೆ ಮನೆ ನೆನಪಾಗುತ್ತದೆ. ‘ಉಪಕರಣ’ ಎಂದರೆ ಕೈಯಲ್ಲಿ ಹಿಡಿಯುವ ವಸ್ತುವಾಗುತ್ತದೆ. ನನಗೆ ‘ಪರಿಕರ’ ಒಪ್ಪುತ್ತದೆ. ನಮ್ಮ ‘ಕೃಷಿ ಪರಿಕರ’ದ ಪಟ್ಟಿಯಲ್ಲಿ ಬೀಜ, ಗೊಬ್ಬರದ ಜೊತೆಗೆ ಕೀಟನಾಶಕವೂ ಮುಗ್ಧವಾಗಿ ಕೂತಿರುತ್ತದಲ್ಲವೇ!

ಎರಡನೆಯದು ಇನ್ನೂ ಕಷ್ಟ. 1915ರ ಸೆಪ್ಟೆಂಬರ್ 25ರ ಬೆಳಿಗ್ಗೆ 5:50ಕ್ಕೆ ಫ್ರಾನ್ಸಿನ ಲೂಸ್ ರಣರಂಗದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಕ್ಲೋರಿನ್ ಹಾಯಿಸಿದರು. (‘ಹಾಯಿಸಿದರು’ ಎಂದು ಬೇಕೆಂದೇ ಬರೆದಿದ್ದೇನೆ. ಸಿಲಿಂಡರಿಗೆ ಕೊಳವೆ ಸಿಕ್ಕಿಸಿ, ಕಂದಕದ ದಿಣ್ಣೆಯ ಮೇಲಿಂದ ಆಚೆಗೆ ಚಾಚಿ, ತಿರುಪು ಬಿಚ್ಚುವ ಕೆಲಸ ತೋಟಕ್ಕೆ ನೀರು ಹಾಯಿಸಿದಂತೆಯೇ ಇತ್ತು.) ಕೆಲವು ಕಡೆ ಸ್ಪ್ಯಾನರ್ ಅಳತೆಗೇ ಕೂಡಲಿಲ್ಲ. ಗಾಳಿ ಬಿದ್ದುಹೋಗಿತ್ತು. ಬ್ರಿಟಿಷರ 2ನೇ ಡಿವಿಷನ್ ಇದ್ದ ಕಡೆ ಗ್ಯಾಸ್ ಅಧಿಕಾರಿ ಬೇಡವೆಂದರೂ ಮೇಲಿನಿಂದ ಆದೇಶ ಬಂತು. ಹಳದಿ-ಹಸಿರು ಮೋಡ ಹಿಂದಿರುಗಿ ತಮ್ಮವರ ಕಂದಕಕ್ಕೇ ಇಳಿಯಿತು. ಹಾಗೆ ಸಿಕ್ಕಿಕೊಂಡವರನ್ನು ಇಂಗ್ಲಿಷಿನವರು ‘ಗ್ಯಾಸ್ಡ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ನಾವು ಏನೆನ್ನೋಣ? ‘ಗ್ಯಾಸ್ ಆಗಿದೆ’ ಎಂದರೆ ಓದುಗರು ಜೀರಿಗೆ ಕಷಾಯ ಸೂಚಿಸಿಯಾರು. ‘ಗಾಳಿ ಸೋಕಿದೆ’ ಎಂದರೆ ಮಂತ್ರವಾದಿಯನ್ನು ಕರೆಯಬೇಕು. ಮ್ಯಾನ್‌ಹೋಲ್ ದುರಂತಗಳ ವರದಿಯಲ್ಲಿ ಪತ್ರಿಕೆಗಳು ‘ವಿಷಾನಿಲ ಸೇವಿಸಿ ಸಾವು’ ಎಂದು ಬರೆಯುತ್ತವೆ. ಉಪಾಹಾರ ಸೇವಿಸಿದ ಹಾಗಿರುವ ಈ ಪ್ರಯೋಗವನ್ನು ಕಂಡರೆ ನನಗೆ ಮೈಯುರಿಯುತ್ತದೆ. ‘ವಿಷಗಾಳಿ ಕುಡಿದ’ ಎನ್ನಲು ಹೊರಟರೆ ‘ವಿಷ ಕುಡಿದ’ ಎಂಬುದರ ನೆರಳು ಬೀಳುತ್ತದೆ, ತಾನಾಗಿ ಮಾಡಿಕೊಂಡಂತೆ. ‘ಉಸಿರುಕಟ್ಟಿದ’ ಎಂಬುದು ಆ ಗಳಿಗೆಗೆ ಮಾತ್ರ ಸಲ್ಲುತ್ತದೆ. ಕ್ಲೋರಿನ್ ಶ್ವಾಸಕೋಶವನ್ನೇ ಸುಟ್ಟು ಅದರಲ್ಲಿ ನೀರು ತುಂಬಿಸುತ್ತದೆ. ಬದುಕಿ ಉಳಿದವರಲ್ಲಿಯೂ ಅನೇಕರಿಗೆ ಕೆಮ್ಮು, ಏದುಸಿರು ವರ್ಷಗಟ್ಟಲೆ ಬಿಡಲಿಲ್ಲ.

ಸದ್ಯಕ್ಕೆ ನನ್ನ ಒಲವು ‘ವಿಷಗಾಳಿ ಬಡಿದ’ ಎಂಬುದರ ಕಡೆಗೆ. ಸಿಡಿಲು ಬಡಿಯುತ್ತದೆ, ಗರ ಬಡಿಯುತ್ತದೆ, ಪಾರ್ಶ್ವವಾಯು ಬಡಿಯುತ್ತದೆ. ಪೆಟ್ಟು ಹೊರಗಿನಿಂದ ಬಂತು ಎಂಬುದೂ ಇದೆ, ಕೊಟ್ಟವರು ಯಾರು ಎಂದು ಹೇಳಬೇಕಾಗಿಯೂ ಇಲ್ಲ. ಲೂಸ್‌ನ ಮಟ್ಟಿಗೆ ಆ ಎರಡನೆಯ ಅನುಕೂಲ ಸಣ್ಣದಲ್ಲ.

ಆದರೆ 1917ರ ಜುಲೈನಲ್ಲಿ ಬಂದ ‘ಸಾಸಿವೆ ಅನಿಲ’ಕ್ಕೆ ಇದು ಹೊಂದುವುದಿಲ್ಲ. ಅದು ಸಾಸಿವೆಯೂ ಅಲ್ಲ, ಸರಿಯಾಗಿ ನೋಡಿದರೆ ಅನಿಲವೂ ಅಲ್ಲ; ಎಣ್ಣೆಯಂಥ ದ್ರವ. ಮೈಗೆ ತಾಗಿ ಗಂಟೆಗಳಾದ ಮೇಲೆ ಬೊಬ್ಬೆ ಏಳುತ್ತವೆ. ಅದಕ್ಕೂ ‘ಗ್ಯಾಸ್ಡ್’ ಎಂದೇ ದಾಖಲೆ. ಅಲ್ಲಿ ‘ತಗುಲಿದ’ ಎಂದು ಬೇರೆ ಮಾಡುವುದೇ, ಎರಡಕ್ಕೂ ಒಂದೇ ಕ್ರಿಯಾಪದ ಸಿಕ್ಕೀತೇ?

ಉತ್ತರ ಕರ್ನಾಟಕದವರಲ್ಲಿ ಇನ್ನೊಂದು ವಿಚಾರಣೆ. ಮುಚ್ಚಿಟ್ಟ ಹಗೇವಿಗೆ (ಕಾಳು ತುಂಬಿಡುವ ನೆಲಗುಂಡಿಗೆ) ಅವಸರದಲ್ಲಿ ಇಳಿದು ಕೆಟ್ಟ ಗಾಳಿಗೆ ಸಿಕ್ಕಿದವರ ಬಗ್ಗೆ ಮಾತನಾಡುವಾಗ ನಿಮ್ಮಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ಬಳಕೆಯಲ್ಲಿರುವ ವಾಕ್ಯವನ್ನೇ ಊರಿನ ಹೆಸರಿನ ಸಮೇತ ಬರೆದರೆ ಉಪಕಾರವಾಗುತ್ತದೆ.