ಹಡಗು ಸುಮ್ನೆ ನಿಂತರೆ ಖರ್ಚು ಯಾರದ್ದು?

ಪ್ರಶ್ನೆ (ಶಿರಸಿಯಿಂದ): ಸರ್, ನೀವು ಹಡಗಿನ ಏಜೆಂಟ್ ಅಲ್ವಾ, ಅದಕ್ಕೇ ಕೇಳ್ತಿದ್ದೇನೆ. ಕಾರವಾರಕ್ಕೆ ಬಂದಾಗ ದೂರದಲ್ಲಿ ಹಡಗು ಲಂಗರು ಹಾಕಿ ನಿಂತಿರುತ್ತದೆ. ಮರುದಿನ ನೋಡಿದರೂ ಅಲ್ಲೇ. ಆ ಖರ್ಚು ಯಾರ ತಲೆ ಮೇಲೆ?

ಉತ್ತರ: ಒಪ್ಪಂದ ನೋಡಬೇಕು. ಹಡಗು ಒಬ್ಬರದ್ದು, ಬಾಡಿಗೆಗೆ ಹಿಡಿದವರು ಇನ್ನೊಬ್ಬರು, ಒಳಗಿನ ಮಾಲು ಮೂರನೆಯವರದ್ದು, ಹೀಗೂ ಇರುತ್ತದೆ. ಟೈಮ್ ಚಾರ್ಟರ್ ಆದರೆ ದಿನಕ್ಕಿಷ್ಟು ಬಾಡಿಗೆ. ಎಣ್ಣೆ, ಬಂದರಿನ ಶುಲ್ಕ ಎಲ್ಲ ಬಾಡಿಗೆಗೆ ಹಿಡಿದವರದ್ದೇ, ಬಂದರಿಗೆ ಕಾದು ಹಡಗು ನಿಂತರೆ ನಷ್ಟವೂ ಸಾಮಾನ್ಯವಾಗಿ ಅವರದ್ದೇ. ವಾಯೇಜ್ ಚಾರ್ಟರ್ ಅಂದರೆ ಈ ಬಂದರಿನಿಂದ ಆ ಬಂದರಿಗೆ, ಸಾಮಾನ್ಯವಾಗಿ ಟನ್ನಿಗಿಷ್ಟು. ಇದರಲ್ಲಿ ಎಣ್ಣೆ ಹಡಗಿನ ಮಾಲೀಕರದ್ದು, ಆದರೆ ಮಾಲು ತುಂಬೋಕೆ ಇಳಿಸೋಕೆ ಇಷ್ಟೇ ಹೊತ್ತು ಅಂತ ಲೇಟೈಮ್ ಕೊಟ್ಟಿರುತ್ತಾರೆ. ಮೀರಿದರೆ ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ಬಾಡಿಗೆಗೆ ಹಿಡಿದವರು ಮಾಲೀಕರಿಗೆ ಕೊಡೋ ದಂಡ. ಬೇಗ ಮುಗಿಸಿದರೆ ಡಿಸ್ಪ್ಯಾಚ್ ಅಂತ ಸ್ವಲ್ಪ ವಾಪಸ್ ಸಿಗೋದೂ ಉಂಟು, ಹೆಚ್ಚಾಗಿ ಡೆಮರೇಜಿನ ಅರ್ಧ ದರಕ್ಕೆ.

ಜಗಳ ಆಗೋದು ಈ ಲೇಟೈಮಿನ ಗಡಿಯಾರ ಯಾವಾಗ ಶುರು ಅನ್ನೋದಕ್ಕೆ. ಹಡಗು ಬಂದಿದೆ, ರೆಡಿ ಇದೆ ಅಂತ ಕ್ಯಾಪ್ಟನ್ ನೋಟಿಸ್ ಕೊಡುತ್ತಾರೆ. ಲಂಗರಿನಲ್ಲೇ ನೋಟಿಸ್ ಕೊಡಬಹುದು ಅಂತ ಒಪ್ಪಂದದಲ್ಲಿದ್ದರೆ, ಬರ್ತ್, ಅಂದರೆ ದಡದಲ್ಲಿ ಹಡಗು ಕಟ್ಟೋ ಜಾಗ, ಸಿಗದೆ ಕಾದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ನಾವು ಲಂಗರು ಹಾಕಿದ್ದು, ಹಡಗಿಗೆ ಬಂದರಿನ ದಾರಿ ತೋರಿಸೋ ಪೈಲಟ್ ಹತ್ತಿದ್ದು, ಪೈಪ್ ಜೋಡಿಸಿದ್ದು, ಮಳೆಗೆ ಕೆಲಸ ನಿಂತದ್ದು ಎಲ್ಲ ಗಂಟೆ ನಿಮಿಷ ಸಮೇತ ಒಂದು ಹಾಳೆಯಲ್ಲಿ ಬರೆದಿಡೋದು. ಆಮೇಲೆ ಲಕ್ಷಗಟ್ಟಲೆ ದುಡ್ಡಿನ ವಾದ ಆ ಹಾಳೆ ಮೇಲೇ ನಡೆಯುತ್ತದೆ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತಲ್ಲ, ಅದಕ್ಕೆ ಮುಂಚೆ ಇಲ್ಲಿ ಅದಿರಿನದ್ದೇ ಗಲಾಟೆ. ಇಲ್ಲಿನ ಬೈತಖೋಲ ಬಂದರಿಗೆ ಬರೋ ಡಾಂಬರಿನ ಹಡಗಿನದ್ದು ಬೇರೆ ತಾಪತ್ರಯ. ಹೊರಗೆ ಕಾಯುವಾಗಲೂ ಟ್ಯಾಂಕ್ ಬಿಸಿ ಇಡಬೇಕು, ತಣ್ಣಗಾದರೆ ಪಂಪಿಗೆ ಬರೋದಿಲ್ಲ. ನಿಂತಲ್ಲೇ ಎಣ್ಣೆ ಉರಿಯುತ್ತದೆ.

ಪ್ರಶ್ನೆ: ನಮ್ಮದು ಕಾಳುಮೆಣಸು, ಎರಡು ಮೂರು ಟನ್. ನಮಗೂ ಇದೆಲ್ಲ ಬರುತ್ತಾ?

ಉತ್ತರ: ನಿಮಗ್ಯಾಕೆ ಇಡೀ ಹಡಗು ಮಾರಾಯ್ರೆ, ಇಡೀ ಕಂಟೇನರ್ ಕೂಡ ಜಾಸ್ತಿಯಾಯ್ತು. ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ ಹೋಗುತ್ತದೆ, ಎಲ್‌ಸಿಎಲ್ ಅಂತಾರೆ. ಮಂಗಳೂರು ಅಥವಾ ಕೊಚ್ಚಿ ಕಡೆ ವಿಚಾರಿಸಿ. ರೇಟ್ ಹೇಳುವಾಗ ಹುಷಾರು: ಎಫ್‌ಒಬಿ ಅಂದರೆ ಹಡಗಿನ ಬಾಡಿಗೆ ಕೊಳ್ಳುವವರದ್ದು, ಸಿಐಎಫ್ ಅಂದರೆ ಬಾಡಿಗೆ, ವಿಮೆ ಎರಡೂ ನಿಮ್ಮದು. ಇನ್ನೊಂದು, ಮಾಲು ತಗೊಂಡಿದ್ದಕ್ಕೆ ಹಡಗಿನವರು ಕೊಡೋ ಬಿಲ್ ಆಫ್ ಲೇಡಿಂಗ್ ಅನ್ನೋ ಕಾಗದದ ಮೂಲ ಪ್ರತಿ ಕೊಟ್ಟರೆ ಮಾಲೇ ಕೊಟ್ಟ ಹಾಗೆ. ಹೊಸ ಗಿರಾಕಿ ಆದರೆ ಅದನ್ನು ನೇರ ಕೊರಿಯರ್ ಮಾಡಬೇಡಿ, ಬ್ಯಾಂಕಿನ ಮೂಲಕ ಕಳಿಸಿ.